ಉಗುರಗಲದ ಕಾಕ್‌ಪಿಟ್: ದೊಡ್ಡಪ್ಪನ ಕಿವಿಮಾತು

1:72 ಅಳತೆಯ ಮಿಗ್-21 ಬಿಸ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್ ತಂದಿದ್ದೀಯ, ಕಾಕ್‌ಪಿಟ್‌ನಲ್ಲಿ ಏನೇನು ಮಾಡಲಿ ಅಂತ ಕೇಳಿದ್ದೀಯ. ಮೊದಲೇ ಹೇಳಿಬಿಡುತ್ತೇನೆ: ವಿಮಾನದಲ್ಲಿ ಇದ್ದದ್ದನ್ನೆಲ್ಲ ಮಾಡಲು ಹೋಗಬೇಡ, ಕ್ಯಾನೊಪಿ, ಅಂದರೆ ಮೇಲಿನ ಪಾರದರ್ಶಕ ಮುಚ್ಚಳ, ಮುಚ್ಚಿದ ಮೇಲೆ ಕಾಣುವುದನ್ನು ಮಾಡು. ಮಿಕ್ಕದ್ದೆಲ್ಲ ಈ ಮಾತಿನ ಬಾಲ.

• ಬ್ರಷ್ ಹಿಡಿಯುವ ಮುಂಚೆ ವಿಮಾನದ ಒಡಲಿನ ಎರಡು ಹೋಳನ್ನೂ ಟೇಪ್ ಹಾಕಿ ಜೋಡಿಸು. ಒಳಗೆ ಸೀಟು, ಪ್ಯಾನೆಲ್ ಇಟ್ಟು, ಮೇಲೆ ಕ್ಯಾನೊಪಿ ಕೂರಿಸಿ ನೋಡು. ಮಿಗ್‌ನ ಕಾಕ್‌ಪಿಟ್ ಮೊದಲೇ ಇಕ್ಕಟ್ಟು. ಸೀಟಿನ ತಲೆ ಕ್ಯಾನೊಪಿಗೆ ತಗುಲಿದರೆ ಸೀಟಿನ ಬುಡವನ್ನು ಈಗಲೇ ಉಜ್ಜು, ಬಣ್ಣ ಬಳಿದ ಮೇಲೆ ಉಜ್ಜಿದರೆ ಎರಡು ಸಲದ ಕೆಲಸ. ಹಾಗೇ ಮೇಲಿಂದ, ಪಕ್ಕದಿಂದ ಇಣುಕಿ ಏನೇನು ಕಾಣುತ್ತದೆ ಅಂತ ಬರೆದುಕೋ. ಸೀಟಿನ ಮೇಲ್ಭಾಗ, ಪ್ಯಾನೆಲ್ಲಿನ ಮೇಲಂಚು, ಅಕ್ಕಪಕ್ಕದ ಕನ್ಸೋಲ್‌ಗಳ ಹಿಂದಿನ ಅರ್ಧ, ಅಷ್ಟೇ. ಕಾಲಿನ ಪೆಡಲ್ ಯಾರಿಗೂ ಕಾಣುವುದಿಲ್ಲ, ಅದಕ್ಕೊಂದು ಸಂಜೆ ಹಾಳುಮಾಡಬೇಡ.

• ಲೆಕ್ಕ ಗೊತ್ತಿರಲಿ. 80 ಮಿ.ಮೀ. ಅಗಲದ ಡಯಲ್ ನಿನ್ನ ಮೇಜಿನ ಮೇಲೆ 1 ಮಿ.ಮೀ.ಗಿಂತ ಚೂರು ದೊಡ್ಡದು. 45 ಮಿ.ಮೀ. ಅಗಲದ ಬೆಲ್ಟು 0.6 ಮಿ.ಮೀ. 5 ಮಿ.ಮೀ. ದಪ್ಪದ ಸ್ವಿಚ್ಚು ಕೂದಲೆಳೆಯಷ್ಟು. ಕ್ಯಾನೊಪಿಯ ಲೆಕ್ಕ ಇನ್ನೂ ತಮಾಷೆ: ಕಿಟ್‌ನಲ್ಲಿ ಬರುವ ಪಾರದರ್ಶಕ ತುಂಡು 1 ಮಿ.ಮೀ. ದಪ್ಪ ಇದ್ದರೆ, ನಿಜವಾದ ವಿಮಾನಕ್ಕೆ 7 ಸೆಂ.ಮೀ. ದಪ್ಪದ ಗಾಜು ಹಾಕಿದ ಹಾಗಾಯಿತು. ಅದರ ಮೂಲಕ ನೋಡಿದಾಗ ಗೆರೆ ಬಾಗುತ್ತದೆ, ಬಣ್ಣ ಮಂಕಾಗುತ್ತದೆ.

• ಅದಕ್ಕೇ ಒಳಗಿನ ಬಣ್ಣವನ್ನು ಬೇಕಾದ್ದಕ್ಕಿಂತ ಒಂದು ಮಟ್ಟ ತಿಳಿಯಾಗಿ ಬಳಿ. ಬಿಸ್‌ನ ಒಳಗೋಡೆಗೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಆ ರಷ್ಯನ್ ಬಣ್ಣ ಇದೆಯಲ್ಲ, ಡಬ್ಬಿಯಿಂದ ನೇರ ಬಳಿದರೆ ಕ್ಯಾನೊಪಿಯ ಕೆಳಗೆ ಕಪ್ಪಗೆ ಕಾಣುತ್ತದೆ. ಒಂದಿಷ್ಟು ಬಿಳಿ ಬೆರೆಸು. ಕಪ್ಪು ಇರಬೇಕಾದ ಕಡೆಯೂ ಅಪ್ಪಟ ಕಪ್ಪು ಬೇಡ, ಗಾಢ ಬೂದು ಸಾಕು. ಆಮೇಲೆ ತೆಳ್ಳಗೆ ಕಲಸಿದ ಕಪ್ಪುಗಂದನ್ನು ಸಂದಿಗಳಿಗೆ ಹರಿಯಬಿಡು. ಒಣಗಿದ ಮೇಲೆ ಹಳೇ ಬ್ರಷ್‌ಗೆ ತಿಳಿ ಬೂದು ಹಚ್ಚಿ, ಪೇಪರಿಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಉಬ್ಬುಗಳ ಮೇಲೆ ಸವರು. ಸ್ವಿಚ್ಚುಗಳು ತಾವಾಗೇ ಎದ್ದು ಕಾಣುತ್ತವೆ. ಈ ಅಳತೆಯಲ್ಲಿ ಮುಕ್ಕಾಲು ಪಾಲು ಕೆಲಸ ನೆರಳು ಬೆಳಕಿನದು.

• ಪ್ಯಾನೆಲ್‌ಗೆ ಡೆಕಾಲ್, ಅಂದರೆ ಅಂಟಿಸುವ ಚಿತ್ರ, ಕೊಟ್ಟಿದ್ದರೆ ಬಳಸು, ಮುಜುಗರ ಬೇಡ. ಇಡಿಯಾಗಿ ಕೂರದಿದ್ದರೆ ಮೂರ್ನಾಲ್ಕು ತುಂಡು ಮಾಡಿ ಕೂರಿಸಿ, ಡೆಕಾಲ್ ಮೆತ್ತಗಾಗಿಸುವ ದ್ರವ ಹಚ್ಚು. ಡಯಲ್‌ಗಳ ಮೇಲೆ ಸೂಜಿಮೊನೆಯಿಂದ ಗ್ಲಾಸಿ ವಾರ್ನಿಷ್‌ನ ಒಂದೊಂದು ಹನಿ ಇಟ್ಟರೆ ಗಾಜಿನ ಹೊಳಪು ಬರುತ್ತದೆ.

• ಆ ಪ್ಯಾನೆಲ್ಲಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ ಇದೆ, ಮರೆಯಬೇಡ. ವಿಮಾನ ಸ್ಪಿನ್‌ಗೆ ಸಿಕ್ಕಿ ಗಿರಗಿರ ಸುತ್ತುವಾಗ ಪೈಲಟ್‌ಗೆ ಸ್ಟಿಕ್ ನಡುಮಧ್ಯದಲ್ಲಿದೆಯೋ ಇಲ್ಲವೋ ತಿಳಿಯುವುದು ಕಷ್ಟ. ಆ ಗೆರೆಯ ನೇರಕ್ಕೆ ಸ್ಟಿಕ್ ತಳ್ಳಿದರೆ ಮಧ್ಯ ಸಿಕ್ಕಿತು ಅಂತ ಅರ್ಥ. ನೂರು ಸ್ವಿಚ್ಚು ಬಿಡಿಸಿದರೂ ಬಾರದ ಮಿಗ್ ಕಳೆ ಆ ಒಂದು ಗೆರೆಯಿಂದ ಬರುತ್ತದೆ.

• ಬೆಲ್ಟಿಗೆ ದುಡ್ಡು ಕೊಟ್ಟು ಲೋಹದ ಹಾಳೆ ತರಿಸಬೇಡ. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ, ಹೊಸ ಬ್ಲೇಡಿನಲ್ಲಿ 0.6 ಮಿ.ಮೀ. ಪಟ್ಟಿ ಕೊಯ್ದುಕೋ. ಬಕಲ್ ಜಾಗಕ್ಕೆ ಬೆಳ್ಳಿ ಬಣ್ಣದ ಒಂದು ಚುಕ್ಕಿ. ಪಟ್ಟಿಯನ್ನು ಇಸ್ತ್ರಿ ಮಾಡಿದ ಹಾಗೆ ಮಲಗಿಸಬೇಡ, ಒಂದು ತುದಿ ಸೀಟಿನಂಚಿನಿಂದ ಸ್ವಲ್ಪ ಜೋತಾಡಲಿ. ಮೇಲಿಂದ ನೋಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿ.

• ಸ್ಟಿಕ್ಕು, ಲಿವರುಗಳಿಗೆ ಕಿಟ್‌ನ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನೇ ಮೇಣದಬತ್ತಿ ಉರಿಯ ಮೇಲೆ ತಿರುಗಿಸುತ್ತ ಕಾಯಿಸಿ, ಮೆತ್ತಗಾದ ಕೂಡಲೇ ಉರಿಯಿಂದ ಆಚೆ ತೆಗೆದು ಎಳೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಸಣ್ಣ. ಕಿಟಕಿ ತೆಗೆದಿರಲಿ.

• ಕ್ಯಾನೊಪಿ ತೆರೆದಿಡುವ ಆಸೆ ಇದ್ದರೆ ಯಾವ ಮಿಗ್ ಅಂತ ಖಾತ್ರಿ ಮಾಡಿಕೋ. ಬಿಸ್‌ನದು ಬಲಕ್ಕೆ ತೆರೆಯುತ್ತದೆ, ಪೈಲಟ್ ಎಡಗಡೆಯಿಂದ ಹತ್ತುತ್ತಾನೆ. ನಮ್ಮ ಎಚ್‌ಎಎಲ್ ನಾಸಿಕದಲ್ಲಿ ತಯಾರಿಸಿದ ಹಳೆಯ ಎಫ್‌ಎಲ್, ಅಂದರೆ ಟೈಪ್-77, ಹಾಗಲ್ಲ. ಅದರ ಕ್ಯಾನೊಪಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಪೈಲಟ್ ಹಾರಿಕೊಳ್ಳುವಾಗ ಎದುರು ಗಾಳಿ ಹೊಡೆಯದಂತೆ ಕ್ಯಾನೊಪಿಯೂ ಸೀಟಿನ ಜೊತೆಗೇ ಹೋಗುವ ಏರ್ಪಾಡು ಅದು. ಎಫ್‌ಎಲ್‌ನ ಕ್ಯಾನೊಪಿಯನ್ನು ಬಲಕ್ಕೆ ತೆರೆದಿಟ್ಟರೆ ಬಲ್ಲವರು ಬಾಯಿಬಿಟ್ಟು ಹೇಳುವುದಿಲ್ಲ, ಒಳಗೊಳಗೇ ನಗುತ್ತಾರೆ.

• ಮುಂದೆ ಕಿರಣ್, ಮಾರುತ್ ಅಥವಾ ತೇಜಸ್ ಮಾಡುವೆಯಾದರೆ ಅವುಗಳದ್ದು ಮಾರ್ಟಿನ್-ಬೇಕರ್ ಸೀಟು. ಹಳದಿ ಕಪ್ಪು ಪಟ್ಟೆಯ ಹಿಡಿಯೇ ಅದರ ಗುರುತು. ಮೊದಲು ಹಳದಿ ಬಳಿದು, ಆಮೇಲೆ 0.05ರ ಡ್ರಾಯಿಂಗ್ ಪೆನ್ನಿನಲ್ಲಿ ಕಪ್ಪು ಚುಕ್ಕಿ ಇಡು. ಸಾಕು.

• ನೋಡಿ ಬರಬೇಕು ಅಂದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗು, ಮಾರುತ್ ಕಿರಣ್ ಎರಡೂ ಅಲ್ಲಿವೆ. ಆಕಾರಕ್ಕೆ, ಅಳತೆಗೆ ಅವನ್ನು ನಂಬು. ಬಣ್ಣಕ್ಕೆ ಮಾತ್ರ ಹಾರುತ್ತಿದ್ದ ಕಾಲದ ಫೋಟೊ ಹುಡುಕು. ಬಿಸಿಲಿಗೆ ನಿಂತ ವಿಮಾನದ ಬಣ್ಣ ಬಾಡಿರುತ್ತದೆ, ಮತ್ತೆ ಬಳಿದಿದ್ದರೆ ಕೈಗೆ ಸಿಕ್ಕಿದ ಬಣ್ಣ ಇದ್ದೀತು.

• ಒಳಗೆ ಬರೀ ಸೀಟು ಬಿಟ್ಟರೆ ಏನೂ ಇಲ್ಲದ ಹಳೇ ಕಿಟ್ ಸಿಕ್ಕಿತೋ, ಪೈಲಟ್‌ನನ್ನು ಕೂರಿಸಿ, ಹಾರುತ್ತಿರುವ ಹಾಗೆ ಚಕ್ರ ಮಡಚಿಬಿಡು. ಅವನ ಹೆಗಲು ಅರ್ಧ ಕಾಕ್‌ಪಿಟ್ ಮುಚ್ಚುತ್ತದೆ. ಇದನ್ನು ಮೋಸ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ.

• 1:144 ಆದರೆ ಸೀಟು, ಬೆಲ್ಟು, ಗಾಢವಾದ ಪ್ಯಾನೆಲ್, ಮುಗಿಯಿತು.

• ಒಡಲು ಮುಚ್ಚುವ ಮುನ್ನ ಮೂತಿಯೊಳಗೆ ಮೀನುಗಾಳದ ಸೀಸದ ಗುಂಡು ಹಾಕಿ ಭದ್ರವಾಗಿ ಅಂಟಿಸು. ಇಲ್ಲದಿದ್ದರೆ ಮಿಗ್ ಬಾಲದ ಮೇಲೆ ಕೂರುತ್ತದೆ.

• ಕ್ಯಾನೊಪಿಯ ಹತ್ತಿರ ಸೂಪರ್ ಗ್ಲೂ ತರಲೇಬೇಡ. ಅದರ ಆವಿ ಒಳಗಡೆ ಬೆಳ್ಳಗೆ ಮಂಜು ಹಿಡಿಸುತ್ತದೆ, ಮುಚ್ಚಿದ ಮೇಲೆ ಒರೆಸಲು ದಾರಿಯಿಲ್ಲ. ಬಿಳಿ ಫೆವಿಕಾಲನ್ನು ಹಲ್ಲುಕಡ್ಡಿಯಲ್ಲಿ ಅಂಚಿಗೆ ಸವರಿದರೆ ಸಾಕು, ಒಣಗಿದರೆ ಕಾಣಿಸದು. ಕ್ಯಾನೊಪಿ ಚೌಕಟ್ಟಿಗೆ ಮೊದಲು ಒಳಗಿನ ಬಣ್ಣ ಬಳಿ, ಅದರ ಮೇಲೆ ಹೊರಗಿನ ಬಣ್ಣ. ಗಾಜಿನ ಒಳಗಿಂದ ಕಾಣುವುದು ಮೊದಲ ಪದರ. ಬೆರಳಚ್ಚು, ಧೂಳು, ಬ್ರಷ್‌ನ ಎಳೆ ಒಳಗೆ ಉಳಿದಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಮುಚ್ಚು.