ಗಂಟೆ ಹೊಡೆದರೂ ಕುರ್ಚಿ ಬಿಡದವರು

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಏಳನೇ ಮಹಡಿಯ ಆಫೀಸು. ವರ್ಷಕ್ಕೆರಡು ಸಲ ಫೈರ್ ಡ್ರಿಲ್ ಮಾಡಿಸುತ್ತಾರೆ. ಹಿಂದಿನ ದಿನವೇ ಮೇಲ್ ಬಂದಿರುತ್ತದೆ. ಗಂಟೆ ಹೊಡೆದ ಮೇಲೆ ಹರಟುತ್ತಾ ಇಳಿದು, ಪಾರ್ಕಿಂಗ್‌ನಲ್ಲಿ ನಿಂತು ಟೀ ಕುಡಿದು, ಲಿಫ್ಟಿನಲ್ಲಿ ವಾಪಸ್ ಹೋಗುತ್ತೇವೆ. ನಿಜವಾಗಿ ಬೆಂಕಿ ಬಿದ್ದರೆ ಈ ನಾಟಕದಿಂದ ಏನಾದರೂ ಪ್ರಯೋಜನವಿದೆಯೇ? ಮೆಟ್ಟಿಲು ಇಳಿಯುವುದನ್ನೂ ಕಲಿಸಬೇಕೇ?

ಉತ್ತರ: ಇಳಿಯುವುದನ್ನು ಕಲಿಸಬೇಕಾಗಿಲ್ಲ. ಗಂಟೆ ಕೇಳಿದ ಕೂಡಲೇ ಕುರ್ಚಿ ಬಿಟ್ಟೇಳುವುದನ್ನು ಕಲಿಸಬೇಕು. ಜೀವ ಉಳಿಸುವ ಹೊತ್ತು ಮೆಟ್ಟಿಲ ಮೇಲೆ ಕಳೆದುಹೋಗುವುದಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚೆ ಕಳೆದುಹೋಗುತ್ತದೆ.

ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಕೂರಿಸಿ, ಯಾವುದೋ ಅರ್ಜಿ ತುಂಬಲು ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರನ್ನು ಕೂರಿಸಿ, ಹೊಗೆ ಕಂಡರೂ ಕಾಣದ ಹಾಗೆ ಬರೆಯುತ್ತಿರಿ ಎಂದು ಅವರಿಗೆ ಮೊದಲೇ ಹೇಳಿಟ್ಟಾಗ, ಎದ್ದವರು ನೂರಕ್ಕೆ 10 ಮಾತ್ರ. ಉಳಿದವರು ಕಣ್ಣುಜ್ಜಿಕೊಳ್ಳುತ್ತಾ, ಕೆಮ್ಮುತ್ತಾ ಅರ್ಜಿ ತುಂಬಿದರು. ನಿಮ್ಮ ಆಫೀಸಿನಲ್ಲಿ ಗಂಟೆ ಹೊಡೆದಾಗ ಆಗುವುದೂ ಇದೇ. ಎಲ್ಲರೂ ತಲೆಯೆತ್ತಿ ಅಕ್ಕಪಕ್ಕ ನೋಡುತ್ತಾರೆ, ಯಾರೂ ಏಳದಿದ್ದರೆ ‘ಟೆಸ್ಟಿಂಗ್ ಇರಬೇಕು’ ಎಂದು ಮತ್ತೆ ಪರದೆಗೆ ಕಣ್ಣು ನೆಡುತ್ತಾರೆ. ಮ್ಯಾನೇಜರ್ ಕ್ಯಾಬಿನ್ ಬಿಟ್ಟು ಬಾರದಿದ್ದರಂತೂ ತಂಡವೂ ಏಳುವುದಿಲ್ಲ.

ಡ್ರಿಲ್‌ನಿಂದ ಏನಾಗುತ್ತದೆ ಎನ್ನುವುದಕ್ಕೆ ರಿಕ್ ರೆಸ್ಕೋರ್ಲಾ ಅವರ ಉದಾಹರಣೆ ಇದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣ ಗೋಪುರದಲ್ಲಿದ್ದ ಮಾರ್ಗನ್ ಸ್ಟಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥ ಆತ. 1993ರಲ್ಲಿ ಆ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದಾಗ ಜನ ಕತ್ತಲೆಯ, ಹೊಗೆ ತುಂಬಿದ ಮೆಟ್ಟಿಲುಗಳಲ್ಲಿ ಗಂಟೆಗಟ್ಟಲೆ ಪರದಾಡಿದ್ದರು. ಆಮೇಲೆ ರೆಸ್ಕೋರ್ಲಾ ಬಿಡದೆ ಡ್ರಿಲ್ ಮಾಡಿಸಿದರು. ಕೋಟಿಗಟ್ಟಲೆ ವ್ಯವಹಾರದ ಫೋನ್‌ನಲ್ಲಿದ್ದ ದೊಡ್ಡ ಅಧಿಕಾರಿಗಳನ್ನೂ ಎಬ್ಬಿಸಿ ಇಬ್ಬಿಬ್ಬರಾಗಿ ಮೆಟ್ಟಿಲಿಗೆ ಕಳಿಸುತ್ತಿದ್ದರು. ಗೊಣಗಿದವರು ಬೇಕಾದಷ್ಟು ಮಂದಿ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ಇವರಿದ್ದ ಗೋಪುರದಲ್ಲಿ ‘ಇಲ್ಲೇನೂ ಅಪಾಯವಿಲ್ಲ’ ಎಂಬ ಪ್ರಕಟಣೆ ಕೇಳಿಬಂತು. ರೆಸ್ಕೋರ್ಲಾ ಅದಕ್ಕೆ ಕಿವಿಗೊಡದೆ, ಮೆಗಾಫೋನ್ ಹಿಡಿದು ಜನರನ್ನು ಹೊರಡಿಸಿದರು. 17 ನಿಮಿಷಗಳ ನಂತರ ಎರಡನೇ ವಿಮಾನ ಇವರ ಗೋಪುರಕ್ಕೇ ಬಡಿಯಿತು. ಅಷ್ಟರಲ್ಲಿ ಅವರ ಜನ ಮೆಟ್ಟಿಲುಗಳಲ್ಲಿದ್ದರು. ಕಂಪನಿಯ ಸುಮಾರು 2,700 ಮಂದಿಯಲ್ಲಿ ಬಹುತೇಕ ಎಲ್ಲರೂ ಬದುಕಿದರು. ಉಳಿದವರನ್ನು ಹುಡುಕಲು ಮೇಲೆ ಹೋದ ರೆಸ್ಕೋರ್ಲಾ ವಾಪಸ್ ಬರಲಿಲ್ಲ.

ಇನ್ನು ನೀವು ನಾಟಕ ಎಂದದ್ದು. ದಿನ, ಹೊತ್ತು, ದಾರಿ ಎಲ್ಲ ಮೊದಲೇ ಗೊತ್ತಿದ್ದರೆ ಅದು ನಾಟಕವೇ, ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸಬರಿಗೆ ದಾರಿ ತೋರಿಸಲು ಒಂದು ಸಲ ಹಾಗೆ ಮಾಡಲಿ. ಎರಡನೆಯದು ಹೇಳದೆ ಕೇಳದೆ, ಜನ ಅಲ್ಲಲ್ಲಿ ಚದುರಿರುವ ಊಟದ ಹೊತ್ತಿಗೆ ಆಗಬೇಕು. ಒಂದು ಮೆಟ್ಟಿಲಿಗೆ ‘ಇಲ್ಲಿ ಹೊಗೆ’ ಎಂದು ಬೋರ್ಡ್ ತೂಗುಹಾಕಿ ಮುಚ್ಚಿಬಿಡಬೇಕು. ದಿನಾ ಓಡಾಡುವ ದಾರಿಗೇ ನುಗ್ಗುವುದು ಮನುಷ್ಯನ ಅಭ್ಯಾಸ. ಎರಡನೇ ಮೆಟ್ಟಿಲು ಎಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತು ಎನ್ನುವುದು ಆಗ ಬಯಲಾಗುತ್ತದೆ.

ಡ್ರಿಲ್‌ಗೆ ಕಾಯದೆ ನೀವೇ ಒಂದು ಮಧ್ಯಾಹ್ನ ಆ ಮೆಟ್ಟಿಲ ಕಡೆ ಹೋಗಿ ನೋಡಿ. ಹಸಿರು ‘ಎಕ್ಸಿಟ್’ ದೀಪದ ಕೆಳಗೆ ಖಾಲಿ ನೀರಿನ ಕ್ಯಾನುಗಳ ಸಾಲು, ಮುರಿದ ಕುರ್ಚಿ, ಮಾನಿಟರ್ ಬಂದಿದ್ದ ರಟ್ಟಿನ ಪೆಟ್ಟಿಗೆಗಳು ಇದ್ದರೆ ಆಶ್ಚರ್ಯವಿಲ್ಲ. ಸಿಗರೇಟಿಗೆ ಹೋಗಿಬರುವವರು ಬಾಗಿಲು ಮುಚ್ಚದಿರಲೆಂದು ಇಟ್ಟ ಇಟ್ಟಿಗೆಯೂ ಸಿಗಬಹುದು. ನನ್ನ ಲೆಕ್ಕದಲ್ಲಿ ಆ ಇಟ್ಟಿಗೆ ಪೆಟ್ಟಿಗೆಗಳಿಗಿಂತ ಕೇಡು. ಆ ಭಾರದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿರುವುದೇ ಮೆಟ್ಟಿಲೊಳಗೆ ಹೊಗೆ ಬಾರದಿರಲೆಂದು. ಬಾಗಿಲಿಗೆ ಕಾರ್ಡ್ ಉಜ್ಜುವ ಬೀಗವಿದ್ದರೆ, ಗಂಟೆ ಹೊಡೆದಾಗ ಅದು ತಾನೇ ಬಿಟ್ಟುಕೊಳ್ಳುತ್ತದೆಯೇ ಎಂದು ಡ್ರಿಲ್‌ನಲ್ಲೇ ಪರೀಕ್ಷಿಸಬೇಕು.

ಬೀಗದ ವಿಷಯದಲ್ಲಿ ನಾನು ಇಷ್ಟು ಕಟುವಾಗಿರಲು ಕಾರಣ ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಗಾರ್ಮೆಂಟ್ಸ್ ಕಾರ್ಖಾನೆ. 1911ರ ಮಾರ್ಚ್ 25ರ ಸಂಜೆ ಅಲ್ಲಿನ ಎಂಟನೇ ಮಹಡಿಯಲ್ಲಿ ಬೆಂಕಿ ಬಿತ್ತು. ಎಂಟರವರು ಹತ್ತನೇ ಮಹಡಿಯ ಆಫೀಸಿಗೆ ಫೋನ್ ಮಾಡಿದರು. ನಡುವಿನ ಒಂಬತ್ತಕ್ಕೆ ಸುದ್ದಿ ಮುಟ್ಟಲಿಲ್ಲ, ಬೆಂಕಿಯೇ ಮುಟ್ಟಿತು. ಅಲ್ಲಿ ಒಂದು ಕಡೆಯ ಬಾಗಿಲಿಗೆ ಬೀಗ ಹಾಕಿತ್ತು. ಬಟ್ಟೆ ಕದ್ದೊಯ್ಯದಂತೆ ಹುಡುಗಿಯರೆಲ್ಲ ಇನ್ನೊಂದೇ ಬಾಗಿಲಲ್ಲಿ ಬ್ಯಾಗ್ ತೋರಿಸಿ ಹೋಗಲಿ ಎಂಬ ಏರ್ಪಾಡು. ಸತ್ತವರು 146. ಬ್ಯಾಗ್ ತಪಾಸಣೆ ನಮ್ಮ ಗಾರ್ಮೆಂಟ್ಸ್ ಕಾರ್ಮಿಕರಿಗೂ ಹೊಸದೇನಲ್ಲ. ತಪಾಸಣೆ ಬೇಕಿದ್ದರೆ ಮಾಡಿಕೊಳ್ಳಲಿ, ಅದಕ್ಕಾಗಿ ಉಳಿದ ಬಾಗಿಲುಗಳಿಗೆ ಬೀಗ ಜಡಿಯುವುದು ಮಾತ್ರ ಸಲ್ಲದು.

ಬೆಂಗಳೂರಿನಲ್ಲೇ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ದುರಂತ ನಿಮಗೆ ನೆನಪಿರಬಹುದು, 2010ರ ಫೆಬ್ರುವರಿ 23. ವಿದ್ಯುತ್ ತಂತಿಗಳ ಡಕ್ಟ್‌ನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ತುಂಬಿಕೊಂಡಿತು. ಉಸಿರು ಕಟ್ಟಿದವರು ಗಾಜು ಒಡೆದರು, ಕೆಲವರು ಕಿಟಕಿಯಿಂದ ಜಿಗಿದರು. 9 ಮಂದಿ ತೀರಿಕೊಂಡರು. ಮೃತರ ಕುಟುಂಬದವರು ಆಮೇಲೆ ‘ಬಿಯಾಂಡ್ ಕಾರ್ಲ್ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ದುಡಿಯುತ್ತಾ ಬಂದಿದ್ದಾರೆ. ಕೊಲ್ಲುವುದು ಹೆಚ್ಚಾಗಿ ಹೊಗೆ, ಅದು ಏರುವುದು ಮೇಲಕ್ಕೆ. ಹಾಗಾಗಿ ಟೆರೇಸಿಗೆ ಓಡುವ ಯೋಚನೆ ಬಿಟ್ಟು ಕೆಳಗಿಳಿಯಿರಿ. ಲಿಫ್ಟ್ ಬೇಡ. ಅದರ ಬಾವಿ ಹೊಗೆಗೊಂದು ಚಿಮಣಿ, ಕರೆಂಟು ಹೋದರೆ ನಡುವೆಯೇ ಸಿಕ್ಕಿಬೀಳುತ್ತೀರಿ. ಬಾಗಿಲು ತೆರೆಯುವ ಮುನ್ನ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ. ಮೆಟ್ಟಿಲುಗಳಲ್ಲೆಲ್ಲ ಹೊಗೆ ತುಂಬಿದ್ದರೆ ನುಗ್ಗದೆ ಕಿಟಕಿಯಿರುವ ಕೋಣೆ ಸೇರಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, 112ಕ್ಕೆ ಫೋನ್ ಮಾಡಿ ಎಷ್ಟನೇ ಮಹಡಿ, ಯಾವ ಕಡೆ ಎಂದು ತಿಳಿಸಿ.

ಕೆಳಗೆ ಸೇರಿದ ಮೇಲೆ ಮಾಡುವ ತಲೆ ಎಣಿಕೆಯಲ್ಲಿ ಒಂದು ದೊಡ್ಡ ತೂತಿದೆ. ಎಚ್‌ಆರ್ ಪಟ್ಟಿ ಕಂಪನಿ ನೌಕರರದು. ಹೌಸ್‌ಕೀಪಿಂಗ್ ಹೆಂಗಸರು, ಕ್ಯಾಂಟೀನಿನವರು, ಎಸಿ ರಿಪೇರಿಗೆ ಬಂದವನು, ಇಂಟರ್ವ್ಯೂಗೆ ಕಾಯುತ್ತಿದ್ದ ಹುಡುಗಿ, ಇವರ ಹೆಸರು ಅದರಲ್ಲಿ ಇರುವುದಿಲ್ಲ. ಗೇಟಿನ ವಿಸಿಟರ್ ಪುಸ್ತಕವನ್ನೂ ಕಂತ್ರಾಟುದಾರರ ಹಾಜರಿ ಪಟ್ಟಿಯನ್ನೂ ಸೆಕ್ಯುರಿಟಿಯವರು ಕೈಯಲ್ಲಿ ಹಿಡಿದೇ ಹೊರಬರಬೇಕು. ಮಹಡಿಗೊಬ್ಬ ವಾರ್ಡನ್ ಟಾಯ್ಲೆಟ್, ಮೀಟಿಂಗ್ ರೂಮು, ಸರ್ವರ್ ರೂಮು ನೋಡಿ ಕೊನೆಯಲ್ಲಿ ಇಳಿದು, ಮೇಲೆ ಯಾರೂ ಇಲ್ಲ ಎಂದು ಅಗ್ನಿಶಾಮಕ ದಳದವರಿಗೆ ಹೇಳುವಂತಿರಬೇಕು. ಆ ಒಂದು ಮಾತು ಖಚಿತವಿದ್ದರೆ, ಇಲ್ಲದವರನ್ನು ಹುಡುಕಲು ಅವರು ಹೊಗೆಗೆ ನುಗ್ಗಬೇಕಾಗಿಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಗಾಲಿಕುರ್ಚಿಯವರು, ತುಂಬು ಗರ್ಭಿಣಿ, ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಬಂದವರು ಡ್ರಿಲ್ ದಿನ ‘ನೀವು ಇಲ್ಲೇ ಕೂತಿರಿ’ ಎನ್ನಿಸಿಕೊಳ್ಳುತ್ತಾರೆ. ಅವರನ್ನು ಇಳಿಸುವುದೇ ಕಷ್ಟದ ಕೆಲಸ, ಅಭ್ಯಾಸ ಬೇಕಾದ್ದೂ ಅದಕ್ಕೇ. ಪ್ರತಿಯೊಬ್ಬರಿಗೂ ಇಬ್ಬರು ಜೊತೆಗಾರರನ್ನು ಹೆಸರು ಹಿಡಿದು ಗೊತ್ತುಮಾಡಿ, ಒಬ್ಬರು ರಜೆಯಲ್ಲಿದ್ದರೂ ಇನ್ನೊಬ್ಬರಿರುತ್ತಾರೆ. ಮೆಟ್ಟಿಲಲ್ಲಿ ಜಾರಿಸಿ ಇಳಿಸುವ ಕುರ್ಚಿ ನಿಮ್ಮ ಮಹಡಿಯ ಗೋಡೆಯಲ್ಲಿ ನೇತಾಡುತ್ತಿದ್ದರೆ, ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಸಿ, ಮುಂದಿನ ಸಲ ನೀವೇ ಕೂತು ಒಂದು ಮಹಡಿ ಇಳಿದು ನೋಡಿ.