ಉತ್ತರದ ಎರಡು ಹಳ್ಳಿಗಳ ನಡುವಣ ಆಕಾಶಮಾರ್ಗ

ಕೆನಡಾ ದೇಶದ ಉತ್ತರದ ಅಂಚಿನ ದ್ವೀಪಸಮೂಹದಲ್ಲಿ ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್ ಎಂಬ ಎರಡು ಹಳ್ಳಿಗಳಿವೆ. ಮೊದಲನೆಯದು ಕಾರ್ನ್‌ವಾಲಿಸ್ ದ್ವೀಪದಲ್ಲಿದೆ. ಎರಡನೆಯದು ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ತೀರದಲ್ಲಿದೆ. 2021ರ ಜನಗಣತಿಯಲ್ಲಿ ಎರಡರ ಜನಸಂಖ್ಯೆಯೂ ಇನ್ನೂರಕ್ಕಿಂತ ಕಡಮೆ. 1953ರಲ್ಲಿ ಕೆನಡಾ ಸರ್ಕಾರವು ಹಡ್ಸನ್ ಕೊಲ್ಲಿಯ ತೀರದ ಇನುಕ್ಜುವಾಕ್‌ನಿಂದ ಕೆಲವು ಇನುಯಿಟ್ ಕುಟುಂಬಗಳನ್ನು ಹಡಗಿನಲ್ಲಿ ಸುಮಾರು 2000 ಕಿಲೋಮೀಟರು ಉತ್ತರಕ್ಕೆ ಸಾಗಿಸಿ, ಈ ಎರಡು ಎಡೆಗಳಿಗೆ ಹಂಚಿ ಇಳಿಸಿತು. ಬಂಧುಗಳನ್ನು ಹೀಗೆ ಬೇರ್ಪಡಿಸಲಾಗುವುದೆಂಬ ಸಂಗತಿ ಹಡಗನ್ನೇರಿದ ಮೇಲೆಯೇ ಅವರಿಗೆ ತಿಳಿದದ್ದು. ಅವರನ್ನು ಅಗಲಿಸಿದ ದೂರವೆಷ್ಟು?

ನಮ್ಮ ಶಾಲೆಗಳ ಗೋಡೆಗಳ ಮೇಲೆ ತೂಗುವ ಪ್ರಪಂಚದ ಭೂಪಟವನ್ನು ನಂಬಿ, ಭೂಮಧ್ಯರೇಖೆಗೆ ಸಲ್ಲುವ ಮಾನದಿಂದಲೇ ಅಳೆದರೆ, ಉತ್ತರವು 1500 ಕಿಲೋಮೀಟರನ್ನು ಮೀರುತ್ತದೆ. ನಿಜವಾದ ದೂರ ಇದರ ಕಾಲುಭಾಗ ಮಾತ್ರ! ತಪ್ಪು ಅಳತೆಗೋಲಿನದಲ್ಲ. ಮರ್ಕೇಟರನು 1569ರಲ್ಲಿ ರಚಿಸಿದ ಪಟದ ಮಾದರಿಯಲ್ಲಿ, ಧ್ರುವದಲ್ಲಿ ಕೂಡಬೇಕಾದ ರೇಖಾಂಶಗಳು ಸಮಾಂತರವಾಗಿ ನಿಂತಿರುತ್ತವೆ. ಆದ್ದರಿಂದ ಉತ್ತರಕ್ಕೆ ಹೋದಂತೆಲ್ಲ ನೆಲವು ಹಿಗ್ಗಿದಂತೆ ಕಾಣುತ್ತದೆ. ನಾವಿಕರಿಗೆಂದು ಮಾಡಿದ ಪಟವನ್ನು ಶಾಲೆಯ ಮಕ್ಕಳಿಗೆ ತೋರಿಸುತ್ತ ಬಂದಿರುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಸರಿಯಾದ ಲೆಕ್ಕವನ್ನು ವಾಚಕರೇ ಮಾಡಬಹುದು. ರೆಸಲ್ಯೂಟ್ ಇರುವುದು 74.70° ಉತ್ತರ ಅಕ್ಷಾಂಶ, 94.83° ಪಶ್ಚಿಮ ರೇಖಾಂಶದಲ್ಲಿ. ಗ್ರೀಸ್ ಫಿಯರ್ಡ್ 76.42° ಉತ್ತರ, 82.89° ಪಶ್ಚಿಮದಲ್ಲಿ. ಅಕ್ಷಾಂಶಗಳ ಅಂತರ 1.72°. ಡಿಗ್ರಿಯೊಂದಕ್ಕೆ 111.2 ಕಿಲೋಮೀಟರಿನಂತೆ ಇದು 191 ಕಿಲೋಮೀಟರು. ರೇಖಾಂಶಗಳ ಅಂತರ 11.94°, ಭೂಮಧ್ಯರೇಖೆಯ ಮೇಲಾಗಿದ್ದರೆ ಇದು 1328 ಕಿಲೋಮೀಟರಾಗುತ್ತಿತ್ತು. ಆದರೆ ರೇಖಾಂಶಗಳ ನಡುವಣ ಎಡೆಯು ಅಕ್ಷಾಂಶದ ಕೊಸೈನಿಗೆ ಅನುಗುಣವಾಗಿ ಕುಗ್ಗುತ್ತದೆ. ನಡುವಣ ಅಕ್ಷಾಂಶ 75.56°, ಅದರ ಕೊಸೈನ್ 0.249. ಗುಣಿಸಿದರೆ ಉಳಿಯುವುದು 331 ಕಿಲೋಮೀಟರು. ಇವೆರಡನ್ನೂ ಲಂಬಕೋನ ತ್ರಿಭುಜದ ಭುಜಗಳೆಂದು ಭಾವಿಸಿದರೆ ಕರ್ಣವು 382 ಕಿಲೋಮೀಟರು. ಗೋಳೀಯ ತ್ರಿಕೋನಮಿತಿಯ ಸೂತ್ರವು 381 ಎನ್ನುತ್ತದೆ. ಪೈಥಾಗೊರಸನ ಪ್ರಮೇಯ ಇಷ್ಟು ದೂರದ ಉತ್ತರದಲ್ಲಿಯೂ ಕೈಬಿಡಲಿಲ್ಲ.

ನನಗೆ ಇದಕ್ಕಿಂತ ಸ್ವಾರಸ್ಯವಾಗಿ ತೋರುವುದು ದಿಕ್ಕಿನ ಪ್ರಶ್ನೆ. ಎಲ್ಲಕ್ಕಿಂತ ಹತ್ತಿರದ ದಾರಿಯಾದ ಮಹಾವೃತ್ತದಲ್ಲಿ ಹಾರುವ ವಿಮಾನವು, ಹೊರಡುವಾಗ ಉತ್ತರದಿಂದ ಪೂರ್ವಕ್ಕೆ ಸುಮಾರು 54° ವಾಲಿದ ದಿಕ್ಕನ್ನು ಹಿಡಿಯುತ್ತದೆ. ಎಲ್ಲಿಯೂ ತಿರುಗದೆ ನೇರವಾಗಿ ಹಾರಿದರೂ, ಸೇರುವ ಹೊತ್ತಿಗೆ ಅದೇ ದಿಕ್ಕು ಸುಮಾರು 66° ಆಗಿರುತ್ತದೆ. ತಿರುಗಿದ್ದು ವಿಮಾನವಲ್ಲ, ಒತ್ತೊತ್ತಾಗಿ ಬಾಗಿ ಬರುವ ರೇಖಾಂಶಗಳಿಂದಾಗಿ ‘ಉತ್ತರ’ವೇ ತಿರುಗಿದೆ. ದಿಕ್ಸೂಚಿಯನ್ನಾದರೂ ನಂಬೋಣವೆಂದರೆ, ಆ ಪ್ರದೇಶದಲ್ಲಿ ಭೂಮಿಯ ಕಾಂತಕ್ಷೇತ್ರವು ಬಹುಮಟ್ಟಿಗೆ ನೆಲದೊಳಕ್ಕೇ ನಾಟಿಕೊಂಡಂತಿದೆ. ಮುಳ್ಳನ್ನು ಅತ್ತಿತ್ತ ತಿರುಗಿಸಬಲ್ಲ ಅಡ್ಡ ಬಲವು ತೀರ ಕ್ಷೀಣ. ಹಿಂದಿನ ವಿಮಾನಚಾಲಕರು ಸೂರ್ಯನನ್ನೂ ನಕ್ಷತ್ರಗಳನ್ನೂ ನೋಡಿ ದಿಕ್ಕನ್ನು ನಿರ್ಣಯಿಸಬೇಕಾಗಿತ್ತು. ಈಗ ಕೃತಕ ಉಪಗ್ರಹಗಳು ಆ ಕೆಲಸವನ್ನು ವಹಿಸಿಕೊಂಡಿವೆ.

ಈ ನೇರ ದಾರಿ ವೆಲಿಂಗ್ಟನ್ ಕಾಲುವೆಯನ್ನು ದಾಟಿ, ನಿರ್ಜನವಾದ ಡೆವನ್ ದ್ವೀಪದ ಮೇಲೆ ಹಾದು, ಜೋನ್ಸ್ ಜಲಸಂಧಿಯಾಚೆ ಇಳಿಯುತ್ತದೆ. ಗಂಟೆಗೆ 270 ಕಿಲೋಮೀಟರು ಹಾರುವ ಟ್ವಿನ್ ಆಟರ್‌ನಂಥ ಸಣ್ಣ ವಿಮಾನಕ್ಕೆ, ಗಾಳಿಯ ಅಡ್ಡಿಯಿಲ್ಲದಿದ್ದರೆ, ಇದು ಒಂದು ಗಂಟೆ ಇಪ್ಪತ್ತೈದು ನಿಮಿಷಗಳ ಪ್ರಯಾಣ. 1953ರಲ್ಲಿ ಬಂದಿಳಿದವರ ಕೈಯಲ್ಲಿದ್ದುದು ನಾಯಿಗಳೆಳೆಯುವ ಜಾರುಬಂಡಿ. ಅದು ಹಿಮಗಟ್ಟಿದ ಸಮುದ್ರವಿದ್ದೆಡೆ ಸುತ್ತಿಯೇ ಹೋಗಬೇಕು. ಅದಕ್ಕೆ ಮಹಾವೃತ್ತದ ಲೆಕ್ಕ ಸಲ್ಲುವುದಿಲ್ಲ. ಆ ಕುಟುಂಬಗಳಿಗಾದ ಕಷ್ಟಕ್ಕಾಗಿ ಕೆನಡಾ ಸರ್ಕಾರವು 2010ರಲ್ಲಿ ಕ್ಷಮೆ ಕೇಳಿತು.