ಲಿನಕ್ಸ್ ಹಾಗೂ ಕ್ಲೌಡ್ ಪರೀಕ್ಷೆಗಳನ್ನು ಆರಿಸಿಕೊಳ್ಳುವ ಕ್ರಮ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ಈಚೆಗೆ ಕೇಳುವ ಪ್ರಶ್ನೆಯೊಂದುಂಟು: ಪದವಿಯಾದ ಮೇಲೆ ಲಿನಕ್ಸ್, ಕ್ಲೌಡ್ ಎಂಬ ವಿದ್ಯೆಗಳಲ್ಲಿ ಯಾವ ಸರ್ಟಿಫಿಕೇಟನ್ನು ಪಡೆಯತಕ್ಕದ್ದು? ಕಲ್ಲುಗಣಿಯಲ್ಲಿಯೋ ಸಿಮೆಂಟು ಕಾರ್ಖಾನೆಯಲ್ಲಿಯೋ ದುಡಿದು ಕೂಡಿಸಿದ ಹಣವನ್ನು ಮಗಳ ವಿದ್ಯೆಗೆಂದು ತೆಗೆದಿಡುವ ತಂದೆಗೆ ಇದು ಅಲ್ಪವಾದ ಪ್ರಶ್ನೆಯಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕಮಾಡಬೇಕೆಂಬ ಸುವಾರ್ತೆಯ ಸಾಮ್ಯವು ಇಲ್ಲಿಯೂ ಸಲ್ಲುವುದು. ಆದಕಾರಣ ಆ ಲೆಕ್ಕದ ಕ್ರಮವನ್ನು ಸಂಕ್ಷೇಪವಾಗಿ ವಿವರಿಸುವೆನು.

೧. ವಿದ್ಯೆಯ ಸ್ವರೂಪ

ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಲಿನಕ್ಸನ್ನು ಆರಂಭಿಸಿ, ಅದರ ಮೂಲವನ್ನು ಯಾರಾದರೂ ಓದಿ ತಿದ್ದುವಂತೆ ತೆರೆದಿಟ್ಟರು. ಇಂಥದಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಹಗಲಿರುಳು ನಡೆದು ಅನೇಕರಿಗೆ ಸೇವೆ ಸಲ್ಲಿಸುವ ಸರ್ವರುಗಳೆಂಬ ಯಂತ್ರಗಳಲ್ಲಿ ಇದರ ಬಳಕೆ ಬಹಳ. ಕ್ಲೌಡ್ ಎಂಬುದಾದರೋ ಬೇರೊಬ್ಬರ ಕಟ್ಟಡದಲ್ಲಿರುವ ಇಂಥ ಯಂತ್ರಗಳನ್ನು ದೂರದಿಂದ ಬಾಡಿಗೆಗೆ ಹಿಡಿಯುವ ಏರ್ಪಾಡು. ಅಮೆಜಾನ್ ಸಂಸ್ಥೆಯು ೨೦೧೬ರಲ್ಲಿ ಮುಂಬಯಿ ಪ್ರಾಂತದಲ್ಲಿಯೂ ೨೦೨೨ರಲ್ಲಿ ಹೈದರಾಬಾದಿನಲ್ಲಿಯೂ ಇಂಥ ಕೇಂದ್ರಗಳನ್ನು ತೆರೆಯಿತು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಹೋಗುವ ರೈಲು ಆ ಹೈದರಾಬಾದನ್ನೇ ಮುಟ್ಟುವುದು. ಕ್ಲೌಡಿನ ಯಂತ್ರಗಳೊಳಗೂ ಬಹುವಾಗಿ ಲಿನಕ್ಸ್ ಇರುವುದರಿಂದ ಅದನ್ನೇ ಮೊದಲು ಕಲಿಯತಕ್ಕದ್ದು. ಕೆಳಗಿನ ನೆಲ ಸಮವಾಗಿರದಿದ್ದರೆ ಶಹಾಬಾದಿನ ಹಾಸುಗಲ್ಲೂ ನಿಲ್ಲದೆಂಬುದು ನಮ್ಮವರಿಗೆ ತಿಳಿದದ್ದೇ.

೨. ಪರೀಕ್ಷೆಗಳ ಭೇದ

ಪರೀಕ್ಷೆಗಳು ಎರಡು ವಿಧ: ಪ್ರಶ್ನೆಗೆ ಉತ್ತರವನ್ನು ಆರಿಸುವುದು ಒಂದು, ಕೈಯಿಂದ ಕೆಲಸ ಮಾಡಿ ತೋರಿಸುವುದು ಇನ್ನೊಂದು. ಲಿನಕ್ಸ್ ಪ್ರೊಫೆಶನಲ್ ಇನ್‌ಸ್ಟಿಟ್ಯೂಟಿನ ‘ಲಿನಕ್ಸ್ ಎಸೆನ್ಷಿಯಲ್ಸ್’ ಮೊದಲನೆಯ ವಿಧದ್ದು. ೬೦ ನಿಮಿಷಗಳಲ್ಲಿ ೪೦ ಪ್ರಶ್ನೆಗಳು. ಹೊಸಬರಿಗೆ ಇದು ಯೋಗ್ಯ. ರೆಡ್ ಹ್ಯಾಟ್ ಸಂಸ್ಥೆಯ ಆರ್.ಎಚ್.ಸಿ.ಎಸ್.ಎ. ಎರಡನೆಯ ವಿಧದ್ದು. ಅಲ್ಲಿ ಬಾಯಿಪಾಠವು ನಡೆಯದು. ಬಳಕೆದಾರರ ಖಾತೆಗಳನ್ನು ತೆರೆಯುವುದು, ಡಿಸ್ಕನ್ನು ಭಾಗಮಾಡುವುದು ಮುಂತಾದವುಗಳನ್ನು ಯಂತ್ರದ ಮೇಲೆಯೇ ಮಾಡಬೇಕು. ಯಂತ್ರವನ್ನು ನಿಲ್ಲಿಸಿ ಪುನಃ ನಡೆಸಿದಾಗಲೂ ಆ ಕೆಲಸವು ಉಳಿದಿದ್ದರೆ ಮಾತ್ರ ಅಂಕಗಳು ದೊರೆಯುವುವು. ಕೆಲಸ ಕೊಡುವವರು ಇಂಥ ಪರೀಕ್ಷೆಗೆ ಬೆಲೆಕೊಡುವುದು ನ್ಯಾಯವೇ.

ಕ್ಲೌಡಿನಲ್ಲಿ ಅಮೆಜಾನಿನ ‘ಕ್ಲೌಡ್ ಪ್ರಾಕ್ಟೀಶನರ್’, ಮೈಕ್ರೋಸಾಫ್ಟಿನ ‘ಅಜೂರ್ ಫಂಡಮೆಂಟಲ್ಸ್’ ಎಂಬವು ಪೀಠಿಕೆಗಳು ಮಾತ್ರ. ಇವುಗಳಿಂದಲೇ ಆಡಳಿತಗಾರ್ತಿಯ ಕೆಲಸವು ದೊರೆಯುವುದೆಂದು ನಂಬಬಾರದು.

೩. ಅವಧಿಯ ವಿಚಾರ

ಇದನ್ನು ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸತಕ್ಕದ್ದು. ಲಿನಕ್ಸ್ ಎಸೆನ್ಷಿಯಲ್ಸಿಗೂ ಅಜೂರ್ ಫಂಡಮೆಂಟಲ್ಸಿಗೂ ಅವಧಿ ಮುಗಿಯುವುದೆಂಬುದಿಲ್ಲ. ಆರ್.ಎಚ್.ಸಿ.ಎಸ್.ಎ.ಯೂ ಅಮೆಜಾನಿನ ಸರ್ಟಿಫಿಕೇಟೂ ೩ ವರ್ಷ ಸಲ್ಲುವುವು. ಅಜೂರಿನ ಆಡಳಿತಗಾರರ ಸರ್ಟಿಫಿಕೇಟಿಗೆ ೧ ವರ್ಷ. ಆದರೆ ಅದನ್ನು ಮನೆಯಿಂದಲೇ ಖರ್ಚಿಲ್ಲದೆ ನವೀಕರಿಸಬಹುದು. ತೇರ್ಗಡೆಯಾದ ದಿನದಿಂದಲೇ ಕಾಲವು ಓಡುವುದು. ಮದುವೆ, ಬಾಣಂತನ, ಹಿರಿಯರ ಆರೈಕೆ ಇವುಗಳಿಗಾಗಿ ಮನೆಯಲ್ಲಿ ಕೆಲವು ವರ್ಷ ನಿಲ್ಲಬೇಕಾದವಳು ದುಬಾರಿ ಪರೀಕ್ಷೆಯನ್ನು ಆಗಲೇ ಬರೆದರೆ, ಕೆಲಸ ಹುಡುಕುವ ಹೊತ್ತಿಗೆ ಅದು ತೀರಿಹೋಗಿರುವುದು. ಅಂಥವಳು ಅಭ್ಯಾಸವನ್ನು ಬಿಡದೆ, ಕೆಲಸಕ್ಕೆ ಹೊರಡುವ ಕೆಲವು ತಿಂಗಳು ಮುಂಚೆ ಪರೀಕ್ಷೆಗೆ ಕೂಡ್ರುವುದು ಉತ್ತಮ. ಮದುವೆಯ ತರುವಾಯ ಹೆಸರು ಬದಲಾಗಿದ್ದರೆ, ಪರೀಕ್ಷೆಗೆ ಬರೆಸುವ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರುವಂತೆ ನೋಡಿಕೊಳ್ಳಬೇಕು.

೪. ಅಭ್ಯಾಸವೂ ಹಣವೂ

ಅಭ್ಯಾಸಕ್ಕೆ ಹಣ ಬೇಕಾದದ್ದು ಸ್ವಲ್ಪವೇ. ಹಳೆಯ ಗಣಕಯಂತ್ರದಲ್ಲಿಯೂ ಲಿನಕ್ಸ್ ನಡೆಯುವುದು. ರೆಡ್ ಹ್ಯಾಟಿನ ರೀತಿಯನ್ನೇ ಅನುಸರಿಸುವ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬವು ೨೦೨೧ರಿಂದ ಉಚಿತವಾಗಿ ಸಿಗುತ್ತವೆ. ಮುಂಬಯಿಯ ಐ.ಐ.ಟಿ.ಯವರ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳಲ್ಲಿ ಲಿನಕ್ಸನ್ನು ಕನ್ನಡದಲ್ಲಿ ಕೇಳಿ ಕಲಿಯಬಹುದು. ಹೈದರಾಬಾದಿನ ಅಮೀರಪೇಟೆಗೆ ಹೋಗಿ ಕಲಿಯುವವರೂ ಉಂಟು, ಅದು ತಪ್ಪಲ್ಲ. ಆದರೆ ತರಬೇತಿಯ ಮನೆಯವರು ತಾವೇ ಅಚ್ಚುಹಾಕಿಸಿ ಕೊಡುವ ಕಾಗದವು ಬೇರೆ, ಪರೀಕ್ಷೆಯ ಸಂಸ್ಥೆಯು ಕೊಡುವ ಸರ್ಟಿಫಿಕೇಟು ಬೇರೆ. ಕದ್ದ ಪ್ರಶ್ನೆಗಳನ್ನು ಮಾರುವವರೂ ಇದ್ದಾರೆ. ಅವುಗಳನ್ನು ಕೊಂಡು ತೇರ್ಗಡೆಯಾಗುವುದು ಮೋಸವಷ್ಟೇ ಅಲ್ಲ. ಕೆಲಸದ ಮೊದಲನೆಯ ದಿನವೇ ಅದು ಬಯಲಾಗುವುದು.

ಹಣ ಕಟ್ಟುವ ಮುಂಚೆ ಮನೆಯವರೆಲ್ಲರೂ ಕೂತು ಕೇಳಿಕೊಳ್ಳತಕ್ಕ ಪ್ರಶ್ನೆಗಳು

೧. ಮಗಳು ಮೂರು ತಿಂಗಳಾದರೂ ಲಿನಕ್ಸನ್ನು ದಿನಾಲು ನಡೆಸಿ ನೋಡಿದ್ದಾಳೆಯೇ?
೨. ಸರ್ಟಿಫಿಕೇಟನ್ನು ಕೊಡುವವರು ಯಾರು? ಅದು ಎಷ್ಟು ವರ್ಷ ಸಲ್ಲುವುದು?
೩. ಕೇಳಿದ ಹಣದಲ್ಲಿ ಪರೀಕ್ಷೆಯ ಶುಲ್ಕವೆಷ್ಟು, ಪಾಠದ ಶುಲ್ಕವೆಷ್ಟು?
೪. ತೇರ್ಗಡೆಯಾದರೆ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಕಳುಹಿಸಲು ಮನೆಯವರು ಒಪ್ಪಿದ್ದಾರೆಯೇ?

ಕೊನೆಯ ಪ್ರಶ್ನೆಗೆ ತಂದೆತಾಯಿಗಳೇ ಉತ್ತರ ಕೊಡತಕ್ಕದ್ದು. ಅದನ್ನು ಫಲಿತಾಂಶ ಬರುವವರೆಗೆ ಮುಂದೂಡದೆ, ಮಗಳು ಓದಲಾರಂಭಿಸುವ ಮೊದಲೇ ಅವಳಿಗೆ ತಿಳಿಸಬೇಕೆಂದು ವಿನಂತಿ.